ಮನೆಯ ಗ್ಯಾರೇಜಿನಲ್ಲೇ ಎಂಜಿಬಿ ಜಿಟಿಗೆ ರೋವರ್ ವಿ8 ಎಂಜಿನ್ ಕೂರಿಸುವುದು: ಸಮಗ್ರ ಮಾರ್ಗದರ್ಶಿ

ಅಪ್ಪನ ಮೊದಲ ಪ್ರಶ್ನೆ ನೇರವಾಗಿತ್ತು. "ಓಡ್ತಿರೋ ಎಂಜಿನ್ನ ಯಾಕೋ ಕೀಳ್ತೀಯ?"

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, ಅಪ್ಪ ದಾವಣಗೆರೆಯಲ್ಲಿ. ಅವರ ಹತ್ತಿರ ಹಳೇ ಪೆಟ್ರೋಲ್ ಅಂಬಾಸಿಡರ್ ಇದೆ. ನನ್ನ 1978ರ ಎಂಜಿಬಿ ಜಿಟಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಟ್ಯಾಪೆಟ್ ಕವರ್ ನೋಡಿ, "ಇದು ನಮ್ದೇ ಅಲ್ವೇನೋ" ಅಂದಿದ್ದರು. ತಪ್ಪೇನಲ್ಲ. ಎರಡೂ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ನುಗಳೇ. ಅಂಬಾಸಿಡರ್‌ನದು 1,489 ಸಿಸಿ, ಎಂಜಿಬಿಯದು 1,798 ಸಿಸಿ. ಹೊಡೆದರೂ ಸಾಯದ ಎಂಜಿನ್. ಆದರೆ ಆ ಕಾರಿನ ಮೈಕಟ್ಟು ನೋಡಿದರೆ ಅದಕ್ಕಿಂತ ಜಾಸ್ತಿ ಶಕ್ತಿ ಬೇಕು ಅನಿಸುತ್ತದೆ.

ಎಂಜಿನ್ ಬದಲಿಸುವುದು ನಮಗೇನೂ ಹೊಸದಲ್ಲ. ಪೆಟ್ರೋಲ್ ಅಂಬಾಸಿಡರ್‌ಗೆ ಮ್ಯಾಟಡಾರ್ ಡೀಸೆಲ್ ಎಂಜಿನ್ ಹಾಕಿಸಿ ಬಾಡಿಗೆಗೆ ಬಿಟ್ಟವರನ್ನು ನೋಡಿಯೇ ಬೆಳೆದವರು ನಾವು. ಅಲ್ಲಿ ಲೆಕ್ಕ ಡೀಸೆಲ್‌ನಿಂದ ಆಗುವ ಉಳಿತಾಯದ್ದು, ಇಲ್ಲಿ ಲೆಕ್ಕ ಶುದ್ಧ ಶೋಕಿಯದ್ದು.

ಮೂರು ಚಳಿಗಾಲ ಕಳೆದು ಕೆಲಸ ಮುಗಿದ ಮೇಲೆ ಬರೆಯುತ್ತಿದ್ದೇನೆ. ಎಂಜಿನ್ ಒಳಗೆ ಕೂರಿಸಲು ನನಗೆ ಹಿಡಿದದ್ದು ಒಂದು ಶನಿವಾರ. ಉಳಿದ ಸಮಯವೆಲ್ಲ ಹೋದದ್ದು ಅದರ ಸುತ್ತಲಿನ ಕೆಲಸಕ್ಕೆ: ತುಕ್ಕು, ಬ್ರೇಕು, ಸ್ಟೇರಿಂಗ್ ಸಂದು, ಸೈಲೆನ್ಸರ್ ಪೈಪು, ಬಿಸಿ. ಯೂಟ್ಯೂಬಿನಲ್ಲಿ ಕ್ರೇನಿನಿಂದ ಎಂಜಿನ್ ಇಳಿಯುವ ದೃಶ್ಯ ನೋಡಿ ಮರುಳಾಗಬೇಡಿ. ಅದು ಮದುವೆಯ ಫೋಟೊ ಇದ್ದ ಹಾಗೆ. ಸಂಸಾರ ಬೇರೆಯೇ ಇದೆ.

ಯಾಕೆ ಈ ಜೋಡಿಯೇ

ಎಂಜಿಬಿ 1962ರಿಂದ 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಮೇಲ್ಛಾವಣಿ ಇರುವ ಜಿಟಿ ಮಾದರಿ ಬಂದದ್ದು 1965ರಲ್ಲಿ. ರೋವರ್ ವಿ8, ಅಂದರೆ V ಆಕಾರದ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್, ಹುಟ್ಟಿನಿಂದ ಬ್ರಿಟಿಷ್ ಅಲ್ಲ. ಅಮೆರಿಕದ ಬ್ಯೂಕ್ ಕಂಪನಿ 1961ರಲ್ಲಿ ಹೊರತಂದ 215 ಘನ ಇಂಚಿನ ಅಲ್ಯೂಮಿನಿಯಂ ಎಂಜಿನ್ ಅದು. ಬ್ಯೂಕ್ ಅದನ್ನು 1963ಕ್ಕೇ ಕೈಬಿಟ್ಟಿತು, 1965ರಲ್ಲಿ ರೋವರ್ ಅದರ ಹಕ್ಕು ಕೊಂಡಿತು. ಆಮೇಲೆ ಸುಮಾರು ನಾಲ್ಕು ದಶಕ ರೋವರ್ ಕಾರು, ರೇಂಜ್ ರೋವರ್, ಡಿಸ್ಕವರಿ ಅಂತ ಎಲ್ಲದಕ್ಕೂ ಅದೇ ಎಂಜಿನ್. ಹಾಗಾಗಿ ಬಿಡಿಭಾಗಕ್ಕೆ ಇವತ್ತಿಗೂ ಬರವಿಲ್ಲ.

ಬ್ಲಾಕು ಅಲ್ಯೂಮಿನಿಯಂ ಆದ್ದರಿಂದ ಈ ಎಂಟು ಸಿಲಿಂಡರಿನ ಎಂಜಿನ್, ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿಗಿಂತ ಒಂಚೂರು ಹಗುರ. ಕಾರಿನ ಮೂತಿ ಭಾರವಾಗುವುದಿಲ್ಲ, ತಿರುವಿನಲ್ಲಿ ಮೊಂಡು ಮಾಡುವುದಿಲ್ಲ. 1970ರ ದಶಕದ ಶುರುವಿನಲ್ಲಿ ಕೆನ್ ಕಾಸ್ಟೆಲೊ ಎಂಬಾತ ಇಂಥ ಕಾರುಗಳನ್ನು ಸ್ವಂತವಾಗಿ ಕಟ್ಟಿ ಮಾರಿದ. ಅದನ್ನು ನೋಡಿದ ಕಂಪನಿ 1973ರಲ್ಲಿ ತಾನೇ ಎಂಜಿಬಿ ಜಿಟಿ ವಿ8 ತಂದಿತು. 3,528 ಸಿಸಿ, 137 ಅಶ್ವಶಕ್ತಿ. 1976ರವರೆಗೆ 2,591 ಕಾರು ಮಾಡಿ ನಿಲ್ಲಿಸಿತು. ಅಂದರೆ ನೀವು ಮಾಡುವುದು ಕಾರ್ಖಾನೆಯೇ ಒಮ್ಮೆ ಮಾಡಿ ತೋರಿಸಿದ ಕೆಲಸ. ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇಲ್ಲ. ಮಜ್ದಾ, ಫೋರ್ಡ್ ಎಂಜಿನ್ ಹಾಕುವವರೂ ಇದ್ದಾರೆ, ಅವೂ ಒಳ್ಳೆಯವೇ. ಆದರೆ ಅಲ್ಲಿ ವೈರಿಂಗ್ ಮತ್ತು ಕಂಪ್ಯೂಟರಿನ ತಲೆನೋವು ಜಾಸ್ತಿ.

ಪಾನ (ಸ್ಪ್ಯಾನರ್) ಹಿಡಿಯುವ ಮುಂಚೆ ಕಾಗದ

ಬ್ರಿಟನ್ನಿನಲ್ಲಿ ಎಂಜಿನ್ ಬದಲಿಸಿದರೆ ವಿ5ಸಿ ಎಂಬ ನೋಂದಣಿ ಪತ್ರದಲ್ಲಿ ಎಂಜಿನ್ ನಂಬರ್ ಮತ್ತು ಸಿಸಿ ಬದಲಿಸಲು ವಾಹನ ನೋಂದಣಿ ಮಾಡುವ ಡಿವಿಎಲ್‌ಎ ಇಲಾಖೆಗೆ ತಿಳಿಸಬೇಕು. ಎಂಜಿನ್ ಕೊಂಡ ರಸೀದಿ ಎಸೆಯಬೇಡಿ, ಅದನ್ನೇ ಕೇಳುತ್ತಾರೆ. 40 ವರ್ಷ ದಾಟಿದ ಕಾರಿಗೆ ಎಂಒಟಿ ಎಂಬ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಆದರೆ ಕಳೆದ 30 ವರ್ಷದಲ್ಲಿ ದೊಡ್ಡ ಬದಲಾವಣೆ ಮಾಡಿದ್ದರೆ ಅದು ಸಿಗುವುದಿಲ್ಲ. ಸಿಲಿಂಡರ್ ಸಂಖ್ಯೆ ಬದಲಾದರೆ ಬಹುಮಟ್ಟಿಗೆ ದೊಡ್ಡ ಬದಲಾವಣೆ ಅಂತಲೇ ಲೆಕ್ಕ. ಜಿಟಿಗೆ ಕಂಪನಿಯೇ ವಿ8 ಕೊಟ್ಟಿತ್ತಲ್ಲ ಅಂತ ವಾದ ಮಾಡಬಹುದು. ವಾದ ಬಿಡಿ, ಪ್ರತಿ ವರ್ಷ ಎಂಒಟಿ ಮಾಡಿಸಿ. ಮನೆಯಲ್ಲಿ ಕಟ್ಟಿದ ಕಾರನ್ನು ಬೇರೆಯವರ ಕಣ್ಣೊಂದು ನೋಡಿದರೆ ನಮಗೇ ಒಳ್ಳೆಯದು. ಇನ್ಶೂರೆನ್ಸ್ ಕಂಪನಿಗೂ ಮುಂಚೆಯೇ ಹೇಳಿ.

ಇದನ್ನು ಓದಿ ಬೆಂಗಳೂರಿನಲ್ಲಿ ಶುರು ಹಚ್ಚಿಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಹಾಕುವುದಿದ್ದರೂ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ.

ಹಂತ 1: ಕಾರು ಆರಿಸುವುದು

ಕಪ್ಪು ರಬ್ಬರ್ ಬಂಪರಿನ ಜಿಟಿ ಹುಡುಕಿ. 1974ರ ಕೊನೆಯಲ್ಲಿ ಅಮೆರಿಕದ ನಿಯಮಕ್ಕೆ ತಲೆಬಾಗಿ ಕ್ರೋಮ್ ಬಂಪರ್ ತೆಗೆದು ಇದನ್ನು ಹಾಕಿದರು, ಕಾರಿನ ಎತ್ತರವನ್ನೂ ಒಂದಿಂಚಿನ ಮೇಲೆ ಏರಿಸಿದರು. ನೋಡಲು ಚೆಂದವಿಲ್ಲ ಅಂತ ಜನ ಮೂಗು ಮುರಿಯುತ್ತಾರೆ, ಹಾಗಾಗಿ ಅಗ್ಗ. ಆದರೆ ಒಳಗುಟ್ಟು ಬೇರೆ ಇದೆ. ವಿ8ಗಾಗಿ ಎಂಜಿನ್ ಗೂಡಿನಲ್ಲಿ ಮಾಡಿದ ತಿದ್ದುಪಡಿಗಳನ್ನು ಈ ಕಾರುಗಳೆಲ್ಲಕ್ಕೂ ಹಾಗೇ ಮುಂದುವರಿಸಿದರು. ಕ್ರೋಮ್ ಬಂಪರಿನ ಕಾರಿನಲ್ಲಿ ಸುತ್ತಿಗೆ, ಗ್ರೈಂಡರ್ ಹಿಡಿದು ಮಾಡಬೇಕಾದ ಜಾಗದ ಕೆಲಸ ಇಲ್ಲಿ ಆಗಲೇ ಆಗಿರುತ್ತದೆ. ಕ್ರೋಮ್ ಬಂಪರ್ ಆಮೇಲೂ ಹಾಕಿಕೊಳ್ಳಬಹುದು.

ಬಣ್ಣ ನೋಡಬೇಡಿ, ಕೆಳಗೆ ಮಲಗಿ ನೋಡಿ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲುಬು. ಬಾಗಿಲ ಕೆಳಗಿನ ಸಿಲ್ ಎಂಬ ಉದ್ದದ ಪೆಟ್ಟಿಗೆಯೇ ಬೆನ್ನುಮೂಳೆ. ಅದರಲ್ಲಿ ಹೊರಗಿನ ಹಾಳೆ, ನಡುವಿನ ಹಾಳೆ, ಒಳಗಿನ ಹಾಳೆ ಅಂತ ಪದರಗಳಿವೆ. ಹೊರಗಿನದಕ್ಕೆ ಹೊಸ ಬಣ್ಣ ಹೊಡೆದು ಒಳಗಿನದನ್ನು ಹಪ್ಪಳದಂತೆ ಬಿಟ್ಟಿರುವ ಕಾರುಗಳು ಬೇಕಾದಷ್ಟಿವೆ. ಸೀಟಿನ ಹಿಂದಿನ ಬ್ಯಾಟರಿ ಗೂಡು ಮತ್ತು ಹಿಂದಿನ ಪಾಟಾ ಸ್ಪ್ರಿಂಗ್ ಕೂರುವ ಜಾಗವನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮಾರುವವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹಂತ 2: ತುಕ್ಕು ಮೊದಲು, ಎಂಜಿನ್ ಆಮೇಲೆ

ಸಿಲ್ ಕೊಳೆತಿರುವ ಬಾಡಿಗೆ ವಿ8 ಹಾಕಿದರೆ ಬಾಡಿ ತಿರುಚಿಕೊಳ್ಳುತ್ತದೆ. ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆದುಕೊಳ್ಳಿ. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ ಮುಟ್ಟಿ. ಬಾಗಿಲು ಮತ್ತು ಚೌಕಟ್ಟಿನ ನಡುವಿನ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆದು ಬಾಗಿಲ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ನಾನು ಹೊರ ಸಿಲ್ ಅನ್ನು ಟ್ಯಾಕ್ ಮಾಡಿದಾಗೆಲ್ಲ, ಅಂದರೆ ಚುಕ್ಕಿ ಚುಕ್ಕಿಯಾಗಿ ಬೆಸೆದಾಗೆಲ್ಲ, ಬಾಗಿಲು ಹಾಕಿ ತೆಗೆದು ನೋಡುತ್ತಿದ್ದೆ. ಒಂದು ಸಲ ಕೆಳಗಿನ ಸಂದು ಎರಡು ಮಿಲಿಮೀಟರ್ ಕಿರಿದಾಗಿತ್ತು. ಅಷ್ಟೂ ಟ್ಯಾಕುಗಳನ್ನು ಉಜ್ಜಿ ಬಿಡಿಸಿ ಮತ್ತೆ ಹಚ್ಚಿದೆ. ಬೇಸರವಾಯಿತು. ಆದರೆ ಪೂರ್ತಿ ವೆಲ್ಡ್ ಆದ ಮೇಲೆ ಅದನ್ನು ಸರಿ ಮಾಡಲು ಆಗುತ್ತಲೇ ಇರಲಿಲ್ಲ.

ವೆಲ್ಡಿಂಗ್ ಮಾಡುವಾಗ ಪೆಟ್ರೋಲ್ ಟ್ಯಾಂಕ್ ಕಾರಿನಲ್ಲಿ ಇರಬಾರದು. ಖಾಲಿ ಟ್ಯಾಂಕೇ ಜಾಸ್ತಿ ಅಪಾಯ, ಅದರ ತುಂಬ ಆವಿ ಇರುತ್ತದೆ. ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟು, ಚಕ್ರವನ್ನೂ ಸಿಲ್ ಕೆಳಗೆ ತಳ್ಳಿಟ್ಟು, ಆಮೇಲೆ ಹೋಗಿ.

ಹಂತ 3: ಎಂಜಿನ್ ಹುಡುಕಾಟ

ಎಂಜಿಬಿಗೆ ಸಲೀಸಾಗಿ ಹೊಂದುವುದು 1976ರಿಂದ 1986ರವರೆಗಿನ ರೋವರ್ ಎಸ್‌ಡಿ1 ಕಾರಿನ 3.5 ಲೀಟರ್ ಎಂಜಿನ್. ಅದರ ವಾಟರ್ ಪಂಪಿನ ಮೂತಿ ಗಿಡ್ಡ, ರೇಡಿಯೇಟರಿಗೆ ಜಾಗ ಉಳಿಯುತ್ತದೆ. ರೇಂಜ್ ರೋವರ್‌ನ 3.5 ಮತ್ತು 3.9 ಲೀಟರಿನವು ಸುಲಭವಾಗಿ ಸಿಗುತ್ತವೆ, ಆದರೆ ಮುಂದಿನ ಪಂಪು, ಪುಲ್ಲಿ ಬದಲಿಸಬೇಕಾಗುತ್ತದೆ. ಹಳೇ ರೇಂಜ್ ರೋವರ್ ಎಂಜಿನ್ನುಗಳಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಒತ್ತುವ ಪ್ರಮಾಣ, ಕಡಿಮೆ. ಡಿಪ್‌ಸ್ಟಿಕ್ ಹತ್ತಿರ ಬ್ಲಾಕಿನ ಮೇಲೆ ಎಂಜಿನ್ ನಂಬರ್ ಜೊತೆ ಕಂಪ್ರೆಷನ್ ಅನುಪಾತವನ್ನೂ ಕೊರೆದಿರುತ್ತಾರೆ. ಕೊಳೆ ಒರೆಸಿ ಓದಿ. 9.35 ಅಂತಿದ್ದರೆ ಎಸ್‌ಡಿ1ನದು ಇರಬಹುದು. 8ರ ಆಸುಪಾಸು ಇದ್ದರೆ ಹಳೇ ರೇಂಜ್ ರೋವರ್‌ನದು ಇರಬಹುದು.

3.9 ಮತ್ತು 4.6ರಲ್ಲಿ ಸಿಲಿಂಡರ್ ಬೋರ್ ಅನ್ನು 94 ಮಿಲಿಮೀಟರಿಗೆ ಹಿಗ್ಗಿಸಿದ್ದಾರೆ. ಸಿಲಿಂಡರಿನ ಒಳಗಿನ ಲೈನರ್ ಎಂಬ ಕೊಳವೆಯ ಹಿಂದಿನ ಅಲ್ಯೂಮಿನಿಯಂ ತೆಳ್ಳಗಾಗಿದೆ. ಮಿತಿಮೀರಿ ಬಿಸಿಯಾದ ಬ್ಲಾಕು ಅಲ್ಲಿ ಬಿರುಕು ಬಿಡುತ್ತದೆ, ಲೈನರ್ ಜರುಗುತ್ತದೆ. ಇತಿಹಾಸ ಗೊತ್ತಿಲ್ಲದ 4.6ಕ್ಕಿಂತ ಒಳ್ಳೆಯ 3.5 ಮೇಲು ಅನ್ನುವುದು ನನ್ನ ಅಭಿಪ್ರಾಯ.

ಕೊಳ್ಳುವಾಗ ಎಂಜಿನ್ ತಲೆಯ ಮೇಲಿನ ರಾಕರ್ ಕವರ್ ಬಿಚ್ಚದೆ ದುಡ್ಡು ಕೊಡಬೇಡಿ. ನಾನು ಕೊಟ್ಟೆ. ಹಳೇ ಕಾರು ಒಡೆಯುವ ಒಬ್ಬರು "ಸ್ವೀಟ್ ರನ್ನರ್" ಅಂದರು, ನಂಬಿದೆ. ಮನೆಗೆ ತಂದು ಕವರ್ ತೆಗೆದರೆ ಒಳಗೆ ಕಾಕಂಬಿಯಂಥ ಕಪ್ಪು ಕೆಸರು. ರಾಕರ್ ಶಾಫ್ಟ್ ಸವೆದು ಉಗುರು ಸಿಕ್ಕುವಷ್ಟು ಗೆರೆ ಬಿದ್ದಿತ್ತು. ಈ ಎಂಜಿನ್ನಿನ ಹಳೇ ಕಾಯಿಲೆ ಇದೇ. ಆಯಿಲ್ ಸಮಯಕ್ಕೆ ಬದಲಿಸದಿದ್ದರೆ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟಿನ ಉಬ್ಬುಗಳು ಚಪ್ಪಟೆಯಾಗುತ್ತವೆ, ಆ ಉಬ್ಬಿನ ಮೇಲೆ ಕೂರುವ ಟ್ಯಾಪೆಟ್ಟಿನ ತಳ ತಟ್ಟೆಯಂತೆ ತಗ್ಗಾಗುತ್ತದೆ, ಟೈಮಿಂಗ್ ಚೈನ್ ಜೋಲುತ್ತದೆ.

ಹಾಗಾಗಿ ಹಳೇ ಎಂಜಿನ್ನಿಗೆ ಕ್ಯಾಮ್‌ಶಾಫ್ಟ್, 16 ಟ್ಯಾಪೆಟ್, ಟೈಮಿಂಗ್ ಚೈನ್, ರಾಕರ್ ಶಾಫ್ಟ್ ಇಷ್ಟನ್ನು ಹೊಸದೇ ಹಾಕಿ. ಹೊಸ ಕ್ಯಾಮಿಗೆ ಹಳೇ ಟ್ಯಾಪೆಟ್ ಬೇಡವೇ ಬೇಡ. ಬೇರಿಂಗು, ರಿಂಗು ನೋಡಿ ತೀರ್ಮಾನಿಸಿ. ಅಲ್ಯೂಮಿನಿಯಂನಲ್ಲಿ ಬೋಲ್ಟಿನ ಮರೆ (ಥ್ರೆಡ್) ಸುಲಭವಾಗಿ ಹೋಗುತ್ತದೆ, ಟಾರ್ಕ್ ಪಾನ ಇಲ್ಲದೆ ಯಾವ ಬೋಲ್ಟನ್ನೂ ಬಿಗಿ ಮಾಡಬೇಡಿ. ಹೋಗಿರುವ ಮರೆಗಳಿಗೆ ಹೆಲಿಕಾಯಿಲ್ ಎಂಬ ತಂತಿ ಸುರುಳಿ ಹಾಕಿ.

ಹಂತ 4: ಮೊದಲು ಬ್ರೇಕು

ಎಲ್ಲರೂ ಕೊನೆಗಿಡುವ ಕೆಲಸ ಇದು. ಎಂಜಿನ್ ಕೂತ ಮೇಲೆ ಒಂದು ಸುತ್ತು ಹೋಗಿ ಬರುವ ಆಸೆ ತಡೆಯಲಾಗುವುದಿಲ್ಲ, ಅದಕ್ಕೇ ಮೊದಲೇ ಮುಗಿಸಿ. ಕಾರ್ಖಾನೆಯ ವಿ8ರಲ್ಲಿ ಮುಂದೆ ದಪ್ಪ ಡಿಸ್ಕ್, ಅದಕ್ಕೆ ತಕ್ಕ ಕ್ಯಾಲಿಪರ್ ಇದ್ದವು. ಅದೇ ಅಳತೆಯವು ಹೊಸದಾಗಿ ಸಿಗುತ್ತವೆ. ರಬ್ಬರ್ ಹೋಸುಗಳನ್ನೆಲ್ಲ ಬದಲಿಸಿ. ಹಳೇ ಬ್ರೇಕ್ ಶೂ ಮತ್ತು ಕ್ಲಚ್ ಪ್ಲೇಟಿನ ಪುಡಿಯನ್ನು ಗಾಳಿಯಿಂದ ಊದಬೇಡಿ, ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ತಂತಿ ಕಡ್ಡಿಯ ಚಕ್ರಗಳು ಎಷ್ಟೇ ಚೆಂದ ಇರಲಿ, ವಿ8ಗೆ ಬೇಡ. ಕಾರ್ಖಾನೆಯೂ ಈ ಶಕ್ತಿಗೆ ಅವನ್ನು ನಂಬಲಿಲ್ಲ. ಉಕ್ಕಿನ ರಿಮ್ಮಿಗೆ ಅಲಾಯ್ ನಡುಭಾಗ ಕೂರಿಸಿದ ಬೇರೆ ಚಕ್ರ ಕೊಟ್ಟಿತ್ತು.

ಹಂತ 5: ಗೇರ್‌ಬಾಕ್ಸ್ ಮತ್ತು ಹಿಂದಿನ ಹೌಸಿಂಗ್ (ಆಕ್ಸಲ್)

ಎಸ್‌ಡಿ1ರ ಎಲ್‌ಟಿ77 ಎಂಬ ಐದು ಗೇರಿನ ಡಬ್ಬಿ ಎಂಜಿನ್ನಿಗೆ ನೇರ ಕೂರುತ್ತದೆ. ಕಾರಿನ ನಡುವಿನ ಸುರಂಗಕ್ಕೆ ಅಲ್ಲಲ್ಲಿ ಸುತ್ತಿಗೆ ಕೆಲಸ, ಹಿಂದೆ ಹೊಸ ಅಡ್ಡಪಟ್ಟಿ, ಗೇರ್ ಲಿವರಿನ ತೂತಿಗೆ ಸ್ವಲ್ಪ ಹೊಂದಾಣಿಕೆ ಬೇಕು.

ಹೌಸಿಂಗ್ ವಿಷಯದಲ್ಲಿ ಲೆಕ್ಕ ಹಾಕಿ ನೋಡಿ. ಎಂಜಿಬಿಯ ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ ಹಲ್ಲುಚಕ್ರಗಳ ಅನುಪಾತ 3.9, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 3.9 ಸುತ್ತು ತಿರುಗಬೇಕು. ಕಾರ್ಖಾನೆಯ ವಿ8ರಲ್ಲಿ 3.07. ಐದನೇ ಗೇರು ಸುಮಾರು 0.8 ಅಂತಿಟ್ಟುಕೊಳ್ಳಿ. 3.9 ಹಾಗೇ ಉಳಿಸಿದರೆ ಗಂಟೆಗೆ 70 ಮೈಲಿಗೆ ಎಂಜಿನ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. 3.07 ಹಾಕಿದರೆ ಸುಮಾರು 2,350. ಮೊದಲ ಗೇರಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 3.9 ಇದ್ದರೆ ಒಂದನೇ ಗೇರು ಹಾಕಿ ಕ್ಲಚ್ ಬಿಡುವಷ್ಟರಲ್ಲಿ ಎರಡನೆಯದು ಹಾಕಬೇಕು. ಮೊದಲ ಆರು ತಿಂಗಳು ನಾನು ಹಾಗೇ ಓಡಿಸಿದೆ, ದುಡ್ಡಿರಲಿಲ್ಲ. ಓಡುತ್ತದೆ, ಆದರೆ ಎತ್ತಿನ ಗಾಡಿಗೆ ಕುದುರೆ ಕಟ್ಟಿದ ಹಾಗೆ.

ಕ್ರೌನ್ ಪಿನಿಯನ್ ಜೋಡಿಸುವುದನ್ನು ಮಾತ್ರ ಬಲ್ಲವರಿಗೆ ಕೊಡಿ. ಹಲ್ಲುಗಳ ಸಂದು ಕೂದಲೆಳೆಯಷ್ಟು ತಪ್ಪಿದರೂ ಜೀವಮಾನವಿಡೀ ಕೊಯ್ಯೋ ಅಂತ ಕೂಗುತ್ತದೆ.

ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಹೋಗುವ ಜಾಯಿಂಟ್ ಶಾಫ್ಟನ್ನು ಹೊಸ ಉದ್ದಕ್ಕೆ ಮಾಡಿಸಬೇಕು. ಇಲ್ಲಿ ನಾನು ಎರಡು ಸಲ ದುಡ್ಡು ಕೊಟ್ಟೆ. ಕಾರು ಸ್ಟ್ಯಾಂಡಿನ ಮೇಲಿದ್ದಾಗ, ಹಿಂದಿನ ಹೌಸಿಂಗ್ ನೇತಾಡುತ್ತಿರುವಾಗಲೇ ಅಳತೆ ತೆಗೆದು ಕಳಿಸಿದೆ. ಶಾಫ್ಟ್ ಬಂತು, ಚೆನ್ನಾಗಿ ಕೂತಿತು. ಕಾರು ನೆಲಕ್ಕಿಳಿದು ಸ್ಪ್ರಿಂಗ್ ಮೇಲೆ ಭಾರ ಬಿದ್ದ ಮೇಲೆ ಅಳತೆ ಕೂಡಲಿಲ್ಲ, ಜಾರುವ ಜಾಯಿಂಟಿನಲ್ಲಿ ಬೇಕಾದ ಆಟ ಉಳಿಯಲಿಲ್ಲ. ಕಾರಿನ ಭಾರ ಚಕ್ರದ ಮೇಲೇ ಇರುವಾಗ ಅಳೆಯಿರಿ. ಗ್ಯಾರೇಜಿನ ನೆಲದಲ್ಲಿ ಗುಂಡಿ ಇಲ್ಲದಿದ್ದರೆ ನಾಲ್ಕೂ ಚಕ್ರದ ಕೆಳಗೆ ರ‍್ಯಾಂಪ್ ಕೊಟ್ಟು ಅಳೆಯಿರಿ.

ಹಂತ 6: ಖಾಲಿ ಬ್ಲಾಕಿನಲ್ಲಿ ತಾಲೀಮು

ಈ ಇಡೀ ಬರಹದಲ್ಲಿ ಒಂದೇ ಹಂತ ಓದುವುದಿದ್ದರೆ ಇದನ್ನು ಓದಿ.

ಒಳಗೆ ಏನೂ ಇಲ್ಲದ ಬ್ಲಾಕು, ಹೆಡ್ಡುಗಳು, ಖಾಲಿ ಗೇರ್‌ಬಾಕ್ಸ್ ಇಷ್ಟನ್ನೇ ಜೋಡಿಸಿ ಕಾರಿಗೆ ಇಳಿಸಿ. ಅಲ್ಯೂಮಿನಿಯಂ ಬ್ಲಾಕಾದ್ದರಿಂದ ಸುಲಭಕ್ಕೆ ಎತ್ತಬಹುದು, ತಾಗಿದರೂ ಬಣ್ಣ ಹಾಳಾಗುವ ಚಿಂತೆ ಇಲ್ಲ. ನಾನು ಮೂರು ಸಲ ಇಳಿಸಿ ಮೂರು ಸಲ ತೆಗೆದೆ. ಪ್ರತಿ ಸಲವೂ ಹೊಸದೊಂದು ತಾಗಿತು.

ಸ್ಟೇರಿಂಗ್ ಶಾಫ್ಟ್ ನೋಡಿ. ಬಲಗಡೆ ಸ್ಟೇರಿಂಗಿನ ಕಾರಿನಲ್ಲಿ ಅದು ಬಲ ಸಾಲಿನ ಸಿಲಿಂಡರುಗಳ ಸೈಲೆನ್ಸರ್ ಪೈಪಿಗೆ ಅಂಟಿಕೊಂಡೇ ಹೋಗುತ್ತದೆ. ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಯಾರಿಗಾದರೂ ಎಂಜಿನ್ ಅಲುಗಾಡಿಸಲು ಹೇಳಿ. ಓಡುವ ಎಂಜಿನ್ ಮೌಂಟಿನ ಮೇಲೆ ವಾಲುತ್ತದೆ, ನಿಂತಾಗ ಇದ್ದ ಸಂದು ಆಗ ಇರುವುದಿಲ್ಲ.

ಪೈಪಿಗೆ ಎರಡು ದಾರಿ. ಒಂದು, ಬ್ಲಾಕಿಗೆ ಅಂಟಿಕೊಂಡು ಕೆಳಗಿಳಿಯುವುದು. ಇನ್ನೊಂದು, ಮಡ್‌ಗಾರ್ಡಿನ ಒಳಗೋಡೆಯಲ್ಲಿ ತೂತು ಕೊರೆದು ಹೊರಗೆ ಹೋಗುವುದು. 1992ರಲ್ಲಿ ಬಂದ ಎಂಜಿ ಆರ್‌ವಿ8 ಕಾರಿನಲ್ಲಿ ಎರಡನೆಯದನ್ನೇ ಮಾಡಿದ್ದರು. ನಾನೂ ಅದನ್ನೇ ಮಾಡಿದೆ. ಗೋಡೆ ಕೊರೆಯಲು ಕೈ ನಡುಗುತ್ತದೆ ನಿಜ. ಆದರೆ ಎಂಜಿನ್ ಗೂಡಿನ ಬಿಸಿ ಎದ್ದು ಕಾಣುವಷ್ಟು ಇಳಿಯುತ್ತದೆ, ಸ್ಟೇರಿಂಗಿಗೂ ಜಾಗ ಸಿಗುತ್ತದೆ.

ಆಯಿಲ್ ಫಿಲ್ಟರ್ ತನ್ನ ಮೂಲ ಜಾಗದಲ್ಲಿ ಕೂರುವುದಿಲ್ಲ. ಅಡಾಪ್ಟರ್ ಹಾಕಿ, ಎರಡು ಹೋಸು ಎಳೆದು ಬೇರೆ ಕಡೆ ಇಡಿ.

ಆಮೇಲೆ ಬಾನೆಟ್. ಎಸ್‌ಡಿ1ರ ಕಾರ್ಬೊರೇಟರ್ ಜೋಡಿ ಎತ್ತರ, ಎಂಜಿಬಿಯ ಬಾನೆಟ್ ಚಪ್ಪಟೆ. ಕಾರ್ಖಾನೆಯವರು ಬೇರೆ ಮ್ಯಾನಿಫೋಲ್ಡ್ (ಕಾರ್ಬೊರೇಟರಿನಿಂದ ಸಿಲಿಂಡರುಗಳಿಗೆ ಹೋಗುವ ಕೊಳವೆಗಳ ಜೋಡಣೆ) ಮಾಡಿ ಕಾರ್ಬೊರೇಟರುಗಳನ್ನು ಹಿಂದಕ್ಕೆ ಸರಿಸಿದ್ದರು. ಈಗ ಹೆಚ್ಚಿನವರು ತಗ್ಗಾದ ಮ್ಯಾನಿಫೋಲ್ಡಿನ ಮೇಲೆ ನಾಲ್ಕು ಬಾಯಿಯ ಒಂದೇ ಕಾರ್ಬೊರೇಟರ್ ಇಡುತ್ತಾರೆ. ಸಂದು ಎಷ್ಟಿದೆ ಅಂತ ತಿಳಿಯಲು ಚಪಾತಿ ಹಿಟ್ಟಿನ ಉಂಡೆಯನ್ನು ಏರ್ ಫಿಲ್ಟರಿನ ಮೇಲೆ ನಾಲ್ಕು ಕಡೆ ಇಟ್ಟು ಬಾನೆಟ್ ನಿಧಾನವಾಗಿ ಮುಚ್ಚಿ ತೆಗೆಯಿರಿ. ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಸಂದು. ನನ್ನದು ಹಿಂದೆ 20 ಮಿಲಿಮೀಟರ್, ಮುಂದೆ ಮೂರೇ. ಗಿಡ್ಡ ಫಿಲ್ಟರ್ ತರಿಸಬೇಕಾಯಿತು. ರಾತ್ರಿ ಚಪಾತಿ ಕಡಿಮೆ ಯಾಕೆ ಅಂತ ಮನೆಯವಳು ಕೇಳಿದಳು.

ಹಂತ 7: ನಿಜವಾದ ಕೂರಿಸುವಿಕೆ

ಇದು ಬೇಗ ಮುಗಿಯುತ್ತದೆ. ಬಾನೆಟ್ ಮತ್ತು ರೇಡಿಯೇಟರ್ ತೆಗೆಯಿರಿ. ಎಂಜಿನ್ ಗೇರ್‌ಬಾಕ್ಸ್ ಎರಡನ್ನೂ ಜೋಡಿಸಿ, ಕ್ರೇನಿನಲ್ಲಿ ಮೂತಿ ಮೇಲೆ ಬಾಲ ಕೆಳಗೆ ವಾಲಿಸಿ, ಇಂಚಿಂಚಾಗಿ ಒಳಗೆ ಬಿಡಿ. ಕ್ರೇನ್ ಹಿಡಿಕೆಗೆ ಒಬ್ಬರು, ಗೇರ್‌ಬಾಕ್ಸ್ ಬಾಲಕ್ಕೆ ಒಬ್ಬರು ಬೇಕು. ಕೆಳಗೆ ಯಾರ ಕೈಯೂ ಇರಬಾರದು. ಎಲ್ಲ ಬೋಲ್ಟನ್ನೂ ಬೆರಳಲ್ಲಿ ಹಿಡಿಸಿದ ಮೇಲೆಯೇ ಪಾನ ತೆಗೆದುಕೊಳ್ಳಿ.

ಹಂತ 8: ನೀರು, ಪೆಟ್ರೋಲು, ಕರೆಂಟು

ವಿ8ರ ಬಿಸಿಗೆ ಹಳೇ ರೇಡಿಯೇಟರ್ ಸಾಲದು. ದಪ್ಪ ಕೋರ್ ಇರುವುದು ಹಾಕಿ, ಎರಡು ಎಲೆಕ್ಟ್ರಿಕ್ ಫ್ಯಾನ್ ಕೊಡಿ. ನೀರು ತುಂಬುವಾಗ ಕಾರಿನ ಮೂತಿ ಎತ್ತಿಟ್ಟು, ಹೀಟರ್ ವಾಲ್ವ್ ತೆರೆದು, ಅತಿ ಎತ್ತರದ ಜಾಗದಿಂದ ಗಾಳಿ ಬಿಡಿ. ಗಾಳಿ ಸಿಕ್ಕಿಕೊಂಡರೆ ಮೀಟರಿನಲ್ಲಿ ಬಿಸಿ ತೋರಿಸದೆಯೂ ಹೆಡ್ ಬಾಗಬಹುದು.

ಪೆಟ್ರೋಲ್ ಹೋಸು ಎಲ್ಲ ಹೊಸದು ಹಾಕಿ. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾದಾ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥೆನಾಲ್ ಇರುತ್ತದೆ, ಹಳೇ ರಬ್ಬರನ್ನು ಅದು ತಿಂದುಹಾಕುತ್ತದೆ.

ಸ್ಪಾರ್ಕ್ ಪ್ಲಗ್ ವೈರುಗಳ ಸಾಲು 1-8-4-3-6-5-7-2. ಕಾರಿನ ಎಡಗಡೆ 1, 3, 5, 7. ಬಲಗಡೆ 2, 4, 6, 8. ಇದರಲ್ಲಿ 5 ಮತ್ತು 7 ಅಕ್ಕಪಕ್ಕದವು, ಒಂದರ ಹಿಂದೆ ಒಂದು ಉರಿಯುತ್ತವೆ. ಆ ಎರಡು ವೈರುಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಬೇಡಿ. ಒಂದರ ಕಿಡಿ ಇನ್ನೊಂದಕ್ಕೆ ಹಾರುತ್ತದೆ.

ಇನ್ನು ಅರ್ತಿಂಗ್. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಬಾಡಿಯಿಂದ ಎಂಜಿನ್ನಿಗೆ ದಪ್ಪ ಅರ್ತ್ ಪಟ್ಟಿ ಹಾಕದಿದ್ದರೆ ಸ್ಟಾರ್ಟರಿನ ಕರೆಂಟು ಬೇರೆ ದಾರಿ ಹುಡುಕುತ್ತದೆ. ನಾನು ಪಟ್ಟಿ ಮರೆತು ಚಾವಿ ತಿರುಗಿಸಿದೆ. ಸ್ಟಾರ್ಟರ್ ಸೋಮಾರಿಯಂತೆ ಒಂದು ಸುತ್ತು ತಿರುಗಿತು. ಕಾರ್ಬೊರೇಟರ್ ಹತ್ತಿರ ಸಣ್ಣಗೆ ಹೊಗೆ. ನೋಡಿದರೆ ಆಕ್ಸಿಲರೇಟರ್ ಕೇಬಲ್ಲಿನ ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕುತ್ತಿತ್ತು. ಪೂರ್ತಿ ಕರೆಂಟು ಆ ಸಪೂರ ತಂತಿಯಲ್ಲಿ ಹರಿದಿತ್ತು. ಪಕ್ಕದಲ್ಲೇ ಪೆಟ್ರೋಲ್ ಹೋಸು. ಬೆಂಕಿ ಆರಿಸುವ ಸಿಲಿಂಡರ್ ಅವತ್ತೇ ಕೊಂಡೆ, ನೀವು ಮುಂಚೆಯೇ ಕೊಳ್ಳಿ.

ಹಂತ 9: ಆಯಿಲ್ ಪಂಪು ಮತ್ತು ಮೊದಲ 20 ನಿಮಿಷ

ಎಸ್‌ಡಿ1 ಕಾಲದ ಎಂಜಿನ್ನಿನಲ್ಲಿ ಆಯಿಲ್ ಪಂಪು ಮುಂದಿನ ಕವರಿನಲ್ಲಿದೆ, ಆಯಿಲ್ ಮಟ್ಟಕ್ಕಿಂತ ಮೇಲೆ. ಒಣಗಿದ್ದರೆ ತಾನಾಗಿ ಆಯಿಲ್ ಎಳೆಯುವುದಿಲ್ಲ. ಜೋಡಿಸುವಾಗ ಪಂಪಿನ ಗೇರುಗಳ ಸುತ್ತ ವ್ಯಾಸಲೀನ್ ತುಂಬಬೇಕು. ಗ್ರೀಸ್ ಅಲ್ಲ, ವ್ಯಾಸಲೀನೇ. ಅದು ಬಿಸಿಗೆ ಕರಗಿ ಆಯಿಲ್ ಜೊತೆ ಸೇರಿಹೋಗುತ್ತದೆ.

ಪಂಪನ್ನು ತಿರುಗಿಸುವುದು ಡಿಸ್ಟ್ರಿಬ್ಯೂಟರ್ ಶಾಫ್ಟ್. ಅದನ್ನು ಎತ್ತಿ ತೆಗೆದು, ಆ ತೂತಿನಲ್ಲಿ ತಕ್ಕ ಸರಳು ಇಳಿಸಿ, ಡ್ರಿಲ್ ಮಷಿನ್‌ನಿಂದ ರೋಟರ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ. ಮೊದಲು ಡ್ರಿಲ್ ಹಗುರವಾಗಿ ಕಿರ್ರೆನ್ನುತ್ತಿತ್ತು. ಅರ್ಧ ನಿಮಿಷ ಏನೂ ಇಲ್ಲ, ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಸೊನ್ನೆಯಲ್ಲೇ. ಕೈಬಿಡೋಣ ಅನ್ನುವಷ್ಟರಲ್ಲಿ ಡ್ರಿಲ್ಲಿನ ಸದ್ದು ದಪ್ಪವಾಯಿತು, ಮಣಿಕಟ್ಟು ತಿರುಚಿದಂತಾಯಿತು. ಮುಳ್ಳು ಎದ್ದು ನಿಂತಿತು. ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಡ್ರಿಲ್ ಹಿಡಿದೆ. ರಾಕರುಗಳ ಸಂದಿನಲ್ಲಿ ಆಯಿಲ್ ಹನಿ ಹನಿಯಾಗಿ ಒಸರಿತು, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ.

ಡಿಸ್ಟ್ರಿಬ್ಯೂಟರ್ ವಾಪಸ್ ಹಾಕಿ, ಒಂದನೇ ಸಿಲಿಂಡರಿಗೆ ಟೈಮಿಂಗ್ ಕೂಡಿಸಿ. ಸ್ಟಾರ್ಟ್ ಆದ ತಕ್ಷಣ 2,000ದಿಂದ 2,500 ಸುತ್ತಿಗೆ ಏರಿಸಿ, 20 ನಿಮಿಷ ಅಲ್ಲೇ ಹಿಡಿಯಿರಿ. ಸುಮ್ನೆ ಐಡ್ಲಿಂಗ್ ಬಿಡಬೇಡಿ. ಹೊಸ ಕ್ಯಾಮು, ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳುವುದು ಈ 20 ನಿಮಿಷದಲ್ಲೇ. ಕಡಿಮೆ ಸುತ್ತಿನಲ್ಲಿ ಕ್ಯಾಮಿಗೆ ಚಿಮ್ಮುವ ಆಯಿಲ್ ಸಾಲದು, ಹೊಸ ಕ್ಯಾಮು ಅವತ್ತೇ ಹಾಳಾಗುತ್ತದೆ. ಸತು ಮತ್ತು ರಂಜಕ ಜಾಸ್ತಿ ಇರುವ, ಹಳೇ ಎಂಜಿನ್ನಿಗೆಂದೇ ಮಾಡಿದ ಆಯಿಲ್ ಹಾಕಿ. ನೀರು ಸೋರಿದರೆ, ಬಿಸಿ ಏರಿದರೆ ಆರಿಸಿ, ಸರಿ ಮಾಡಿ, ಉಳಿದ ನಿಮಿಷ ಮುಂದುವರಿಸಿ. ಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿಡಿ.

ಆಯಿಲ್ ಪ್ರೆಶರ್ ನೋಡಿ ಹೆದರಬೇಡಿ. ಈ ಎಂಜಿನ್ನಿನದು ಹುಟ್ಟಾ ಕಡಿಮೆ. ಬಿಸಿಯಾದ ಮೇಲೆ 2,400 ಸುತ್ತಿಗೆ 30 ಪಿಎಸ್‌ಐ ಇದ್ದರೆ ಅದು ಆರೋಗ್ಯವೇ.

ಹಂತ 10: ರಸ್ತೆಗೆ

ಮೊದಲ ಓಟ ಮನೆಯ ಸುತ್ತ ಎರಡು ಮೈಲಿ. ವಾಪಸ್ ಬಂದು ಕೆಳಗೆ ರಟ್ಟು ಹಾಸಿ ಅರ್ಧ ಗಂಟೆ ಬಿಡಿ. ಎಲ್ಲಿ ಏನು ಸೋರುತ್ತದೆ ಅಂತ ರಟ್ಟು ಹೇಳುತ್ತದೆ. 50 ಮೈಲಿ ಆದ ಮೇಲೆ ಸೈಲೆನ್ಸರ್ ಪೈಪು, ಎಂಜಿನ್ ಮೌಂಟು, ಜಾಯಿಂಟ್ ಶಾಫ್ಟ್ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ. 500 ಮೈಲಿಗೆ ಆಯಿಲ್ ಬದಲಿಸಿ, ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಪುಡಿ ಇದೆಯೇ ನೋಡಿ.

ಎಂಒಟಿಯಲ್ಲಿ 1975ರ ಆಗಸ್ಟ್‌ನಿಂದ 1986ರ ಜುಲೈವರೆಗಿನ ಕಾರಿಗೆ ಹೊಗೆಯ ಮಿತಿ ಇದೆ: ಕಾರ್ಬನ್ ಮಾನಾಕ್ಸೈಡ್ ಶೇಕಡ 4.5, ಹೈಡ್ರೋಕಾರ್ಬನ್ 1,200 ಪಿಪಿಎಂ. ಕಾರ್ಬೊರೇಟರ್ ಸರಿಯಾಗಿ ಕೂಡಿಸಿದ್ದರೆ ದಾಟುತ್ತದೆ. ನನ್ನದು ಮೊದಲ ಸಲ ಫೇಲಾದದ್ದು ಹೊಗೆಗಲ್ಲ, ಹಾರ್ನ್ ಕೆಲಸ ಮಾಡದ್ದಕ್ಕೆ. ಸ್ಟೇರಿಂಗ್ ಕಾಲಂ ಜೋಡಿಸುವಾಗ ವೈರು ಹಾಕುವುದನ್ನೇ ಮರೆತಿದ್ದೆ.

ಕೊನೆಯದಾಗಿ, ಕಿತ್ತಿಟ್ಟ ಹಳೇ ಎಂಜಿನ್. ಮಾರಬೇಡಿ. ಮುಂದೆ ಕಾರು ಕೊಳ್ಳುವವರು ಮೂಲ ನಂಬರಿನ ಎಂಜಿನ್ ಇದೆಯಾ ಅಂತ ಕೇಳಿಯೇ ಕೇಳುತ್ತಾರೆ. ಪ್ಲಗ್ ತೂತಿನಲ್ಲಿ ಎರಡೆರಡು ಚಮಚ ಆಯಿಲ್ ಬಿಟ್ಟು, ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ಬಾಯಿಗಳನ್ನೆಲ್ಲ ಟೇಪಿನಿಂದ ಮುಚ್ಚಿ ಮರದ ಪಟ್ಟಿಯ ಮೇಲೆ ಇಡಿ. ನನ್ನದು ಗ್ಯಾರೇಜಿನ ಮೂಲೆಯಲ್ಲಿದೆ. ವಿ8ರ ಸದ್ದು ಕೇಳಿಸಿದ ದಿನ ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂಲೆಯಲ್ಲಿದ್ದದ್ದು ಕಣ್ಣಿಗೆ ಬಿದ್ದಿತ್ತು. "ಅಲ್ಲಿ ಮುಚ್ಚಿಟ್ಟಿದೀಯಲ್ಲ, ಅದು 1,800 ಅಲ್ವೇನೋ? ನಮ್ ಗಾಡಿಗೆ ಕೂರುತ್ತಾ ನೋಡು."